ಆರ್ಬಿಟರ್ ಕಲಿಯುವವರು ನೆಲದಿಂದ ಶುರುಮಾಡಬೇಡಿ

ಆರ್ಬಿಟರ್ ಎಂಬ ಬಾಹ್ಯಾಕಾಶ ಹಾರಾಟದ ಸಿಮ್ಯುಲೇಟರನ್ನು ಮೊದಲ ಸಲ ತೆರೆದವರಲ್ಲಿ ಹೆಚ್ಚಿನವರು ಮಾಡುವ ಕೆಲಸ ಒಂದೇ: ನೆಲದ ಮೇಲೆ ನಿಂತಿರುವ ನೌಕೆಯೊಂದನ್ನು ಆರಿಸಿಕೊಂಡು, ಎಂಜಿನ್ನನ್ನು ಪೂರ್ತಿ ಹಚ್ಚಿ, ಮೂತಿಯನ್ನು ನೇರವಾಗಿ ಆಕಾಶಕ್ಕೆ ಎತ್ತುವುದು. ನೌಕೆ ಏರುತ್ತದೆ, ನೀಲಿ ಆಕಾಶ ಕಪ್ಪಾಗುತ್ತದೆ, ಎತ್ತರ 200 ಕಿ.ಮೀ. ದಾಟುತ್ತದೆ. ಗೆದ್ದೆವೆಂದುಕೊಂಡು ಎಂಜಿನ್ ಆರಿಸಿದ ಕೆಲವೇ ನಿಮಿಷಗಳಲ್ಲಿ ಅದೇ ನೌಕೆ ಕಲ್ಲಿನಂತೆ ಕೆಳಗೆ ಬೀಳತೊಡಗುತ್ತದೆ. ದಾವಣಗೆರೆಯಲ್ಲಿ ಪಿಯುಸಿ ಓದುತ್ತಿರುವ ನನ್ನ ಅಕ್ಕನ ಮಗ ಮೂರು ದಿನ ಹೀಗೆಯೇ ನೌಕೆಯನ್ನು ಬೀಳಿಸಿ ಬೀಳಿಸಿ, ಕೊನೆಗೆ ನನಗೆ ಫೋನ್ ಮಾಡಿ, "ಮಾವ, ಇದ್ರಾಗೆ ಏನೋ ತಪ್ಪೈತೆ. ಬಾಹ್ಯಾಕಾಶಕ್ಕೆ ಹೋದ್ಮೇಲೂ ಕೆಳಗೇ ಬೀಳ್ತೈತಲ್ಲ" ಎಂದ.

ತಪ್ಪು ತಂತ್ರಾಂಶದ್ದಲ್ಲ. ಭೂಮಿಯಿಂದ ಸಾಕಷ್ಟು ಮೇಲೆ ಹೋದರೆ ಗುರುತ್ವ ಬಿಟ್ಟುಹೋಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಹಳ ಗಟ್ಟಿಯಾಗಿ ಕುಳಿತಿದೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಸುತ್ತುತ್ತಿರುವ ಸುಮಾರು 400 ಕಿ.ಮೀ. ಎತ್ತರದಲ್ಲಿ ಭೂಮಿಯ ಸೆಳೆತ ನೆಲದ ಮೇಲಿರುವುದರ ಶೇ. 88ರಷ್ಟು ಇದ್ದೇ ಇರುತ್ತದೆ. ನಿಲ್ದಾಣವೂ ಸದಾ ಬೀಳುತ್ತಲೇ ಇದೆ. ಆದರೆ ಅದು ಸೆಕೆಂಡಿಗೆ 7.66 ಕಿ.ಮೀ. ವೇಗದಲ್ಲಿ ಅಡ್ಡಕ್ಕೆ ಧಾವಿಸುತ್ತಿರುವುದರಿಂದ, ಅದು ಎಷ್ಟು ಬೀಳುತ್ತದೆಯೋ ಅಷ್ಟೇ ಪ್ರಮಾಣದಲ್ಲಿ ದುಂಡಗಿನ ಭೂಮಿಯೂ ಅದರ ಕೆಳಗಿನಿಂದ ಬಾಗಿ ಸರಿಯುತ್ತದೆ. ಈ ವೇಗ ಎಂಥದೆಂದು ತಿಳಿಯಲು ನಮ್ಮದೇ ದಾರಿಯನ್ನು ನೋಡಬಹುದು: ಚಿತ್ರದುರ್ಗದಿಂದ ದಾವಣಗೆರೆಗೆ ಹೆದ್ದಾರಿಯಲ್ಲಿ ಸುಮಾರು 60 ಕಿ.ಮೀ., ಬಸ್ಸಿಗೆ ಒಂದು ಗಂಟೆಗೂ ಹೆಚ್ಚಿನ ಹಾದಿ. ಆ ದೂರವನ್ನು ನಿಲ್ದಾಣ ಎಂಟು ಸೆಕೆಂಡುಗಳಲ್ಲಿ ಕ್ರಮಿಸುತ್ತದೆ. ಬಾಹ್ಯಾಕಾಶಕ್ಕೆ ಹೋಗುವುದೆಂದರೆ ಮೇಲಕ್ಕೆ ಹೋಗುವುದಲ್ಲ, ಬಹಳ ಬೇಗ ಅಡ್ಡಕ್ಕೆ ಹೋಗುವುದು. ಮೇಲಕ್ಕೆ ಹೋಗುವುದು ಗಾಳಿಯಿಂದ ತಪ್ಪಿಸಿಕೊಳ್ಳಲು ಮಾತ್ರ.

ಇದು ಓದಿದ ಕೂಡಲೇ ತಿಳಿದಂತೆ ಅನ್ನಿಸುತ್ತದೆ, ಆದರೆ ಕೈಗೆ ಬರುವುದಿಲ್ಲ. ಸೈಕಲ್, ಬೈಕು, ಬಸ್ಸುಗಳ ಜೊತೆ ಬೆಳೆದ ನಮ್ಮ ಕೈಗಳಿಗೆ ಬೇರೆಯೇ ಅಭ್ಯಾಸ ಆಗಿರುತ್ತದೆ. ಆ ಅಭ್ಯಾಸವನ್ನು ಬಿಡಿಸುವುದೇ ಸಿಮ್ಯುಲೇಟರ್ ಮಾಡುವ ನಿಜವಾದ ಕೆಲಸ. ಹಾಗಾಗಿ ಹೊಸಬರಿಗೆ ನನ್ನ ಸಲಹೆ ಸ್ಪಷ್ಟವಾಗಿದೆ: ಉಡಾವಣೆಯನ್ನು ಕೊನೆಗಿಡಿ. ಆಗಲೇ ಕಕ್ಷೆಯಲ್ಲಿರುವ ನೌಕೆಯಿಂದ ಶುರುಮಾಡಿ.

ಆರ್ಬಿಟರ್‌ನ ಬಗ್ಗೆ ಸ್ವಲ್ಪ ಹೇಳಬೇಕು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿದ್ದ ಮಾರ್ಟಿನ್ ಶ್ವೈಗರ್ ಇದನ್ನು ಬರೆದವರು. ಮೊದಲ ಆವೃತ್ತಿ 2000ದಲ್ಲಿ ಹೊರಬಂತು. ಅಂದಿನಿಂದಲೂ ಉಚಿತವಾಗಿಯೇ ಸಿಗುತ್ತಿದೆ. 2016ರಲ್ಲಿ ಒಂದು ಆವೃತ್ತಿ ಬಂತು, 2021ರಲ್ಲಿ ತಂತ್ರಾಂಶದ ಮೂಲ ಸಂಕೇತವನ್ನೂ ಯಾರು ಬೇಕಾದರೂ ಬಳಸಬಹುದಾದ ಪರವಾನಗಿಯಡಿ ಬಿಡುಗಡೆ ಮಾಡಲಾಯಿತು. ಇದರಲ್ಲಿ ಅಂಕಗಳಿಲ್ಲ, ಹಂತಗಳಿಲ್ಲ, ಗೆಲುವಿನ ಸಂಗೀತವಿಲ್ಲ. ಇರುವುದು ನ್ಯೂಟನ್ನನ ನಿಯಮಗಳು, ನಿಜವಾದ ಅಳತೆಯ ಸೌರಮಂಡಲ ಮತ್ತು ನೀವು ಕೊಟ್ಟ ದಿನಾಂಕಕ್ಕೆ ಸರಿಯಾಗಿ ನಿಂತಿರುವ ಗ್ರಹಗಳು. ಕೆರ್ಬಲ್ ಸ್ಪೇಸ್ ಪ್ರೋಗ್ರಾಂ ಎಂಬ ಜನಪ್ರಿಯ ಆಟವನ್ನು ಆಡಿದವರಿಗೆ ಇಲ್ಲಿ ಬಹಳಷ್ಟು ಪರಿಚಿತವೆನಿಸುತ್ತದೆ. ಆದರೆ ಆ ಆಟದ ಗ್ರಹದ ತ್ರಿಜ್ಯ ಕೇವಲ 600 ಕಿ.ಮೀ., ಭೂಮಿಯದು 6,371 ಕಿ.ಮೀ. ಅಲ್ಲಿ ಕೆಳಕಕ್ಷೆಗೆ ಸೆಕೆಂಡಿಗೆ ಎರಡೂ ಕಾಲು ಕಿ.ಮೀ. ವೇಗ ಸಾಕಾದರೆ, ಇಲ್ಲಿ ಅದರ ಮೂರು ಪಟ್ಟಿಗೂ ಹೆಚ್ಚು ಬೇಕು. ಆ ಆಟ ರಾಕೆಟ್ ಕಟ್ಟುವುದನ್ನು ಚೆನ್ನಾಗಿ ಕಲಿಸುತ್ತದೆ. ನೌಕೆಯೊಳಗೆ ಕುಳಿತು ಉಪಕರಣಗಳನ್ನು ಓದಿ ನಡೆಸುವುದನ್ನು ಆರ್ಬಿಟರ್ ಕಲಿಸುತ್ತದೆ.

ಇದು ವಿಂಡೋಸ್ ಕಂಪ್ಯೂಟರಿಗೆ ಬರೆದ ತಂತ್ರಾಂಶ. ಭೂಮಿ, ಚಂದ್ರರ ಸೂಕ್ಷ್ಮ ಚಿತ್ರಗಳ ಹೆಚ್ಚುವರಿ ಕಡತಗಳು ಬಹಳ ದೊಡ್ಡವು, ಮೊದಲ ತಿಂಗಳಿಗೆ ಅವು ಬೇಡವೇ ಬೇಡ. ಅದಕ್ಕಿಂತ ಮುಖ್ಯವಾದ ವಸ್ತು ಒಂದಿದೆ: ಬಲಬದಿಯಲ್ಲಿ ಅಂಕಿಗಳ ಪ್ರತ್ಯೇಕ ಪಟ್ಟಿ ಇರುವ ಕೀಬೋರ್ಡ್. ನೌಕೆಯನ್ನು ತಿರುಗಿಸುವುದು, ಸರಿಸುವುದು, ಎಂಜಿನ್ ಹಚ್ಚುವುದು, ಆರಿಸುವುದು ಎಲ್ಲವೂ ಆ ಅಂಕಿಪಟ್ಟಿಯಲ್ಲೇ ಇವೆ. ಬಹುತೇಕ ಸಣ್ಣ ಲ್ಯಾಪ್‌ಟಾಪ್‌ಗಳಲ್ಲಿ ಆ ಪಟ್ಟಿ ಇರುವುದಿಲ್ಲ. ಹುಡುಗನ ಲ್ಯಾಪ್‌ಟಾಪಿನಲ್ಲೂ ಇರಲಿಲ್ಲ, ಅವನ ಮೂರು ದಿನಗಳ ಸಂಕಟದಲ್ಲಿ ಅರ್ಧ ಪಾಲು ಇದರದ್ದು. ಕೆಲವು ನೂರು ರೂಪಾಯಿಯ ಯುಎಸ್‌ಬಿ ಕೀಬೋರ್ಡ್ ಒಂದನ್ನು ಸಿಕ್ಕಿಸಿದ ಮೇಲೆ ಅವನ ನೌಕೆ ಮಾತು ಕೇಳತೊಡಗಿತು.

ಆರಂಭದ ಕಿಟಕಿಯಲ್ಲಿ ಸನ್ನಿವೇಶಗಳ ಪಟ್ಟಿ ಇರುತ್ತದೆ. ಡೆಲ್ಟಾ ಗ್ಲೈಡರ್ ಎಂಬ ಕಲ್ಪಿತ ನೌಕೆ ಭೂಮಿಯ ಸುತ್ತ ಕಕ್ಷೆಯಲ್ಲಿರುವ ಒಂದು ಸನ್ನಿವೇಶವನ್ನು ಆರಿಸಿಕೊಳ್ಳಿ. ಈ ನೌಕೆಯ ಎಂಜಿನ್ ಇಂದಿನ ಯಾವ ರಾಸಾಯನಿಕ ಎಂಜಿನ್ನಿಗಿಂತಲೂ ಬಹಳ ಮಿತವಾಗಿ ಇಂಧನ ಬಳಸುತ್ತದೆ, ಹೊಸಬರ ತಪ್ಪುಗಳನ್ನು ತಾಳಿಕೊಳ್ಳಲೆಂದೇ ಹಾಗೆ ರೂಪಿಸಲಾಗಿದೆ. ಇಂಧನವೇ ಮುಗಿಯದಂತೆ ಮಾಡುವ ಆಯ್ಕೆಯೂ ಇದೆ. ಅದನ್ನು ಬಳಸಬೇಡಿ ಎನ್ನುತ್ತೇನೆ. ಬಾಹ್ಯಾಕಾಶ ಯಾನದಲ್ಲಿ ಪ್ರತಿಯೊಂದು ನಿರ್ಧಾರದ ಬೆಲೆಯನ್ನು ಹೇಳುವುದು ಇಂಧನದ ಮಟ್ಟವೇ. ಆ ಲೆಕ್ಕವನ್ನು ಮುಚ್ಚಿಬಿಟ್ಟರೆ ಒಳ್ಳೆಯ ದಾರಿಗೂ ಕೆಟ್ಟ ದಾರಿಗೂ ವ್ಯತ್ಯಾಸ ಕಾಣುವುದಿಲ್ಲ.

ನೌಕೆಯ ಮುಂದಿನ ಫಲಕದಲ್ಲಿ ಎರಡು ಚೌಕಾಕಾರದ ಪರದೆಗಳಿವೆ. ಅವುಗಳಲ್ಲಿ ಬೇಕಾದ ಉಪಕರಣವನ್ನು ತೆರೆದುಕೊಳ್ಳಬಹುದು. ಮೊದಲ ದಿನ ಆರ್ಬಿಟ್ ಎಂಬ ಒಂದೇ ಉಪಕರಣ ಸಾಕು. ಬೂದುಬಣ್ಣದ ವೃತ್ತ ಭೂಮಿ, ಹಸಿರು ಗೆರೆ ನಿಮ್ಮ ಕಕ್ಷೆ. ಪಕ್ಕದಲ್ಲಿ ಅಂಕಿಗಳ ಉದ್ದ ಸಾಲು ಕಂಡು ಹೆದರುವುದು ಬೇಡ. ಅದರಲ್ಲಿ ಈಗ ಬೇಕಾದವು ಮೂರು: ಕಕ್ಷೆಯಲ್ಲಿ ಭೂಮಿಗೆ ಅತಿ ಹತ್ತಿರದ ಬಿಂದುವಾದ ಪೆರಿಜಿ, ಅತಿ ದೂರದ ಬಿಂದುವಾದ ಅಪೋಜಿ, ಮತ್ತು ವೇಗ. ಇಲ್ಲಿ ಎಲ್ಲರೂ ಎಡವುವ ಒಂದು ಕಲ್ಲಿದೆ. ಈ ಉಪಕರಣ ತಾನಾಗಿ ತೋರಿಸುವುದು ನೆಲದಿಂದ ಎತ್ತರವನ್ನಲ್ಲ, ಭೂಮಿಯ ಕೇಂದ್ರದಿಂದ ದೂರವನ್ನು. ಅದೂ ಹತ್ತು ಲಕ್ಷ ಮೀಟರುಗಳ ಲೆಕ್ಕದಲ್ಲಿ. 300 ಕಿ.ಮೀ. ಎತ್ತರದಲ್ಲಿರುವ ನೌಕೆಗೆ ಅದು 6.671 ಎಂದು ತೋರಿಸುತ್ತದೆ. ಪರದೆಯ ಅಂಚಿನಲ್ಲಿರುವ, ದೂರ ಎಂಬರ್ಥದ ಡಿಎಸ್‌ಟಿ ಗುಂಡಿಯನ್ನು ಒತ್ತಿದರೆ ಅದು ನೆಲದಿಂದ ಎತ್ತರವಾಗಿ ಬದಲಾಗುತ್ತದೆ. ಮೊದಲು ಆ ಗುಂಡಿ ಒತ್ತಿ, ಆಮೇಲೆ ಬೇರೆ ಕೆಲಸ.

ಈಗ ಒಂದು ಪ್ರಯೋಗ. ನೌಕೆ ಸುಮಾರು 300 ಕಿ.ಮೀ. ಎತ್ತರದ ದುಂಡು ಕಕ್ಷೆಯಲ್ಲಿದೆ, ವೇಗ ಸೆಕೆಂಡಿಗೆ 7.73 ಕಿ.ಮೀ. ಎಂದಿಟ್ಟುಕೊಳ್ಳೋಣ. ನೌಕೆಯ ಮೂತಿಯನ್ನು ಸಾಗುತ್ತಿರುವ ದಿಕ್ಕಿಗೇ ತಿರುಗಿಸಿ ಹಿಡಿಯುವ ಸ್ವಯಂಚಾಲಿತ ವ್ಯವಸ್ಥೆಗೆ ಪ್ರೋಗ್ರೇಡ್ ಎಂದು ಹೆಸರು, ಅದಕ್ಕೆ ವಿರುದ್ಧ ದಿಕ್ಕಿಗೆ ತಿರುಗಿಸುವುದಕ್ಕೆ ರೆಟ್ರೋಗ್ರೇಡ್. ಪ್ರೋಗ್ರೇಡ್ ಒತ್ತಿ, ನೌಕೆ ತಿರುಗಿ ನಿಲ್ಲುವವರೆಗೆ ಕಾದು, ವೇಗಕ್ಕೆ ಸೆಕೆಂಡಿಗೆ 10 ಮೀಟರ್ ಮಾತ್ರ ಸೇರಿಸಿ. ಮುಖ್ಯ ಎಂಜಿನ್ನನ್ನು ಪೂರ್ತಿ ಹಚ್ಚಿದರೆ ಇಷ್ಟು ವೇಗ ಒಂದು ಕ್ಷಣದಲ್ಲಿ ದಾಟಿಹೋಗುತ್ತದೆ, ಆದ್ದರಿಂದ ನೌಕೆಯನ್ನು ತಿರುಗಿಸಲು, ಸರಿಸಲು ಇರುವ ಪುಟ್ಟ ಎಂಜಿನ್ನುಗಳಾದ ಥ್ರಸ್ಟರ್‌ಗಳನ್ನೇ ಬಳಸಿ. ಈಗ ಪರದೆಯನ್ನು ನೋಡಿ. ನೀವಿರುವ ಜಾಗದಲ್ಲಿ ಎತ್ತರ ಹೆಚ್ಚುಕಡಿಮೆ ಬದಲಾಗಿಯೇ ಇಲ್ಲ. ಆದರೆ ಭೂಮಿಯ ಆಚೆ ಬದಿಯಲ್ಲಿ, ನೀವು 45 ನಿಮಿಷಗಳ ನಂತರ ತಲುಪಲಿರುವ ಜಾಗದಲ್ಲಿ, ಕಕ್ಷೆಯ ಎತ್ತರ ಸುಮಾರು 335 ಕಿ.ಮೀ. ಆಗಿದೆ. ಈ ಎತ್ತರದಲ್ಲಿ ಸೆಕೆಂಡಿಗೆ ಒಂದು ಮೀಟರ್ ವೇಗ ಸೇರಿಸಿದರೆ ಎದುರು ಬದಿ ಮೂರೂವರೆ ಕಿ.ಮೀ. ಏರುತ್ತದೆ ಎಂಬ ಈ ಲೆಕ್ಕವನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆದಿಟ್ಟುಕೊಳ್ಳಬೇಕು.

ಇಲ್ಲಿ ಮಾಡಿದ ಕೆಲಸದ ಫಲ ಇಲ್ಲಲ್ಲ, ಎದುರು ಬದಿಯಲ್ಲಿ ಕಾಣುತ್ತದೆ. ಕಕ್ಷಾಯಾನದ ವ್ಯಾಕರಣವೆಲ್ಲ ಈ ಒಂದು ವಾಕ್ಯದಲ್ಲಿದೆ. ಎತ್ತರದ ಬಿಂದು ತಲುಪಿದ ಮೇಲೆ ಇನ್ನೂ 10 ಮೀಟರ್ ಸೇರಿಸಿದರೆ ಕೆಳಗಿದ್ದ ಬದಿಯೂ ಏರಿ, ನೌಕೆ 335 ಕಿ.ಮೀ. ಎತ್ತರದ ದುಂಡು ಕಕ್ಷೆಗೆ ಬಂದು ಕೂರುತ್ತದೆ. ಹೀಗೆ ಎರಡು ತಳ್ಳುಗಳಲ್ಲಿ ಒಂದು ಕಕ್ಷೆಯಿಂದ ಇನ್ನೊಂದಕ್ಕೆ ಹೋಗುವ ಮಿತವ್ಯಯದ ದಾರಿಯನ್ನು ಜರ್ಮನಿಯ ಎಂಜಿನಿಯರ್ ವಾಲ್ಟರ್ ಹೋಮನ್ 1925ರಲ್ಲೇ ವಿವರಿಸಿದ್ದರು, ಆಗಿನ್ನೂ ಮನುಷ್ಯ ಮಾಡಿದ ಯಾವ ವಸ್ತುವೂ ಬಾಹ್ಯಾಕಾಶ ಕಂಡಿರಲಿಲ್ಲ. ನಮ್ಮ ಚಂದ್ರಯಾನ-3ರ ದಾರಿಯೂ ಇದೇ ನಿಯಮದ ಮೇಲೆ ನಿಂತಿತ್ತು. 2023ರ ಜುಲೈ 14ರಂದು ಹಾರಿದಾಗ ಅದರ ಕಕ್ಷೆಯ ಹತ್ತಿರದ ಬಿಂದು ಸುಮಾರು 170 ಕಿ.ಮೀ., ದೂರದ ಬಿಂದು 36,500 ಕಿ.ಮೀ. ಕೆಲವು ಸಲ ಭೂಮಿಯ ಹತ್ತಿರ ಬಂದಾಗ ಎಂಜಿನ್ ಉರಿಸುತ್ತ ಹೋದಂತೆ ದೂರದ ಬಿಂದು 1,27,000 ಕಿ.ಮೀ. ದಾಟಿತು, ಹತ್ತಿರದ ಬಿಂದುವಾದರೋ ಕೊನೆಗೂ 236 ಕಿ.ಮೀ. ಆಸುಪಾಸಿನಲ್ಲೇ ಇತ್ತು. ಆ ದಿನಗಳಲ್ಲಿ ಪತ್ರಿಕೆಗಳಲ್ಲಿ ಈ ಅಂಕಿಗಳನ್ನು ಓದಿ ತಲೆಕೆರೆದುಕೊಂಡವರು, ಮೇಲಿನ ಪ್ರಯೋಗವನ್ನು ಒಂದು ಸಲ ಮಾಡಿದರೆ, ಅದೇ ಸಾಲುಗಳನ್ನು ಕನ್ನಡ ಓದಿದಷ್ಟು ಸಲೀಸಾಗಿ ಓದುತ್ತಾರೆ.

45 ನಿಮಿಷ ಕಾಯಬೇಕಲ್ಲ ಎಂಬ ಚಿಂತೆ ಬೇಡ. ಟಿ ಕೀ ಒತ್ತಿದರೆ ಸಮಯ ಹತ್ತು ಪಟ್ಟು ಬೇಗ ಓಡುತ್ತದೆ, ಆರ್ ಒತ್ತಿದರೆ ಹತ್ತರಲ್ಲಿ ಒಂದಕ್ಕೆ ಇಳಿಯುತ್ತದೆ. ಎಂಜಿನ್ ಉರಿಸುವ ಮೊದಲು ಸಮಯವನ್ನು ಸಹಜ ವೇಗಕ್ಕೆ ಇಳಿಸಲು ಮರೆಯಬೇಡಿ, ಇಲ್ಲವಾದರೆ ಕಕ್ಷೆ ಗುರುತು ಸಿಗದಂತಾಗುತ್ತದೆ.

ಎತ್ತರದ ನಂತರ ಕಲಿಯಬೇಕಾದದ್ದು ಕಕ್ಷೆಯ ಓರೆ. ಪ್ರತಿ ಕಕ್ಷೆಯೂ ಭೂಮಿಯ ಕೇಂದ್ರವನ್ನು ಹಾದುಹೋಗುವ ಒಂದು ಸಮತಲದಲ್ಲಿರುತ್ತದೆ. ಆ ಸಮತಲ ಸಮಭಾಜಕಕ್ಕೆ ಎಷ್ಟು ಓರೆಯಾಗಿದೆ ಎಂಬುದೇ ಮುಖ್ಯ. ಬಾಹ್ಯಾಕಾಶ ನಿಲ್ದಾಣದ ಓರೆ 51.6 ಡಿಗ್ರಿ. ಅದಕ್ಕಾಗಿಯೇ ಅದು 14 ಡಿಗ್ರಿ ಉತ್ತರದಲ್ಲಿರುವ ನಮ್ಮ ಊರುಗಳ ಮೇಲೂ ಹಾಯುತ್ತದೆ, ಕೆಲವು ಸಂಜೆ ಸೂರ್ಯ ಮುಳುಗಿದ ಸ್ವಲ್ಪ ಹೊತ್ತಿಗೆ, ಮಿನುಗದೆ ಸಾಗುವ ಹೊಳೆಯುವ ಚುಕ್ಕೆಯಾಗಿ ದಾವಣಗೆರೆಯ ತಾರಸಿಗಳಿಂದ ಕಾಣುತ್ತದೆ. ಹೊಸಬರು ಇಲ್ಲಿ ತಿಳಿಯಬೇಕಾದ ಸಂಗತಿಯೆಂದರೆ ಓರೆಯನ್ನು ಬದಲಿಸುವುದು ಬಹಳ ದುಬಾರಿ. 300 ಕಿ.ಮೀ. ಎತ್ತರದಲ್ಲಿ ಒಂದೇ ಒಂದು ಡಿಗ್ರಿ ತಿರುಗಿಸಲು ಸೆಕೆಂಡಿಗೆ ಸುಮಾರು 135 ಮೀಟರ್ ವೇಗದ ಬದಲಾವಣೆ ಬೇಕು. ಅಷ್ಟರಲ್ಲಿ ಕಕ್ಷೆಯ ಎದುರು ಬದಿಯನ್ನು 450 ಕಿ.ಮೀ.ಗೂ ಹೆಚ್ಚು ಎತ್ತಬಹುದಿತ್ತು. 60 ಡಿಗ್ರಿ ತಿರುಗಿಸಬೇಕಾದರೆ ಕಕ್ಷೆಗೆ ಬರಲು ಗಳಿಸಿದ ವೇಗದಷ್ಟೇ ಇನ್ನೊಮ್ಮೆ ಖರ್ಚಾಗುತ್ತದೆ. ಸಮತಲಗಳನ್ನು ಹೊಂದಿಸಲು ಅಲೈನ್ ಪ್ಲೇನ್ಸ್ ಎಂಬ ಉಪಕರಣವಿದೆ. ಎರಡು ಕಕ್ಷೆಗಳು ಅಡ್ಡಹಾಯುವ ಜಾಗಕ್ಕೆ ಇನ್ನೆಷ್ಟು ಸಮಯವಿದೆ, ಎಂಜಿನ್ ಎಷ್ಟು ಹೊತ್ತು ಉರಿಯಬೇಕು ಎಂಬುದನ್ನು ಅದೇ ಹೇಳುತ್ತದೆ. ಅಡ್ಡಹಾಯುವ ಜಾಗದಲ್ಲಲ್ಲದೆ ಬೇರೆಲ್ಲಿ ಉರಿಸಿದರೂ ಇಂಧನ ದಂಡ.

ಇನ್ನು ನನಗೆ ಅತ್ಯಂತ ಇಷ್ಟವಾದ ಭಾಗ. ನಿಮ್ಮ ನೌಕೆಯೂ ನಿಲ್ದಾಣವೂ ಒಂದೇ ಕಕ್ಷೆಯಲ್ಲಿವೆ, ನಿಲ್ದಾಣ ನಿಮಗಿಂತ 100 ಕಿ.ಮೀ. ಮುಂದಿದೆ ಎಂದುಕೊಳ್ಳಿ. ಅದನ್ನು ಹಿಡಿಯುವುದು ಹೇಗೆ? ಹೆದ್ದಾರಿಯಲ್ಲಿ ಮುಂದಿರುವ ಲಾರಿಯನ್ನು ಹಿಡಿಯಲು ವೇಗ ಹೆಚ್ಚಿಸುತ್ತೇವೆ. ಹುಡುಗನೂ ಹಾಗೆಯೇ ಮಾಡಿದ. ಮೊದಲ ಹತ್ತು ನಿಮಿಷ ದೂರ ಕಡಿಮೆಯಾಗುವಂತೆ ಕಂಡಿತು, ಆಮೇಲೆ ನಿಲ್ದಾಣ ದೂರ ದೂರ ಸರಿಯತೊಡಗಿತು. ಇನ್ನೂ ಜೋರಾಗಿ ಎಂಜಿನ್ ಹಚ್ಚಿದ, ನಿಲ್ದಾಣ ಇನ್ನೂ ಜೋರಾಗಿ ಕೈಬಿಟ್ಟುಹೋಯಿತು.

ಇದರಲ್ಲಿ ಅವನು ಒಂಟಿಯಲ್ಲ. 1965ರ ಜೂನ್‌ನಲ್ಲಿ ಅಮೆರಿಕದ ಜೆಮಿನಿ-4 ನೌಕೆಯ ಕಮಾಂಡರ್ ಜೇಮ್ಸ್ ಮೆಕ್‌ಡಿವಿಟ್, ತಮ್ಮನ್ನು ಕಕ್ಷೆಗೆ ಸೇರಿಸಿದ್ದ ಟೈಟನ್ ರಾಕೆಟ್ಟಿನ ಖಾಲಿ ಹಂತವನ್ನು ಸಮೀಪಿಸಲು ಯತ್ನಿಸಿದರು. ಅದು ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿತ್ತು. ನುರಿತ ಪೈಲಟ್ ಆಗಿದ್ದ ಅವರು ಮೂತಿಯನ್ನು ಅದರ ಕಡೆ ತಿರುಗಿಸಿ ಥ್ರಸ್ಟರ್ ಉರಿಸಿದಷ್ಟೂ ಅದು ದೂರವಾಗುತ್ತ ಹೋಯಿತು. ಆ ಕೆಲಸಕ್ಕೆ ಇಂಧನ ವಿಪರೀತ ಸುರಿಯತೊಡಗಿದ್ದರಿಂದ ಪ್ರಯತ್ನವನ್ನೇ ಕೈಬಿಡಬೇಕಾಯಿತು. ಕಕ್ಷೆಯಲ್ಲಿ ಇನ್ನೊಂದು ನೌಕೆಯನ್ನು ಸೇರುವುದು ಎಷ್ಟು ಬೇರೆ ಬಗೆಯ ವಿದ್ಯೆಯೆಂದರೆ, ಮುಂದೆ ಚಂದ್ರನ ಮೇಲೆ ನಡೆದ ಎಡ್ವಿನ್ ಆಲ್ಡ್ರಿನ್ 1963ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಇದೇ ವಿಷಯದ ಮೇಲೆ ಡಾಕ್ಟರೇಟ್ ಪ್ರಬಂಧ ಬರೆದಿದ್ದರು. 1965ರ ಡಿಸೆಂಬರ್ 15ರಂದು ಜೆಮಿನಿ-6ಎ ನೌಕೆ ಜೆಮಿನಿ-7ರ ಬಳಿ ಬಂದು ನಿಂತದ್ದು, ಕೈಯ ಅಂದಾಜನ್ನು ಬಿಟ್ಟು ಲೆಕ್ಕವನ್ನು ನಂಬಿದ್ದರಿಂದ.

ಕಾರಣ ನಿಮ್ಮ ಮೊದಲ ಪ್ರಯೋಗದಲ್ಲೇ ಇದೆ. ವೇಗ ಹೆಚ್ಚಿಸಿದಾಗ ಕಕ್ಷೆಯ ಎದುರು ಬದಿ ಏರುತ್ತದೆ. ಕಕ್ಷೆ ದೊಡ್ಡದಾದರೆ ಒಂದು ಸುತ್ತಿಗೆ ಹಿಡಿಯುವ ಸಮಯವೂ ಹೆಚ್ಚುತ್ತದೆ. ಸೆಕೆಂಡಿಗೆ ಒಂದೇ ಒಂದು ಮೀಟರ್ ವೇಗ ಹೆಚ್ಚಿಸಿಕೊಂಡ ನೌಕೆ, ಒಂದು ಸುತ್ತು ಮುಗಿಸುವಷ್ಟರಲ್ಲಿ ಮೊದಲಿದ್ದ ಸ್ಥಾನಕ್ಕಿಂತ ಸುಮಾರು 16 ಕಿ.ಮೀ. ಹಿಂದೆ ಬಿದ್ದಿರುತ್ತದೆ. ಆದ್ದರಿಂದ ಮುಂದಿರುವುದನ್ನು ಹಿಡಿಯಬೇಕಾದರೆ ನಿಧಾನಿಸಬೇಕು: ಆಗ ಎದುರು ಬದಿ ಇಳಿದು, ಕಕ್ಷೆ ಚಿಕ್ಕದಾಗಿ, ಸುತ್ತು ಬೇಗ ಮುಗಿಯುತ್ತದೆ. 100 ಕಿ.ಮೀ. ಅಂತರವನ್ನು ಎರಡು ಸುತ್ತುಗಳಲ್ಲಿ ಮುಚ್ಚಬೇಕೆಂದರೆ ಸುತ್ತಿಗೆ 50 ಕಿ.ಮೀ., ಅಂದರೆ ರೆಟ್ರೋಗ್ರೇಡ್ ದಿಕ್ಕಿನಲ್ಲಿ ಸೆಕೆಂಡಿಗೆ 3 ಮೀಟರ್ ಸಾಕು. ಕಕ್ಷೆಯ ಎದುರು ಬದಿ ಹತ್ತು ಹನ್ನೊಂದು ಕಿ.ಮೀ. ಇಳಿಯುತ್ತದೆ, ಅಷ್ಟೇ. ಎರಡು ಸುತ್ತಿನ ನಂತರ ಅದೇ ಬಿಂದುವಿಗೆ ಬಂದಾಗ 3 ಮೀಟರ್ ವೇಗವನ್ನು ಮರಳಿ ಸೇರಿಸಿದರೆ ನಿಲ್ದಾಣ ಎದುರಿಗೇ ಇರುತ್ತದೆ. ಮೂರು ಗಂಟೆಯ ಈ ಪ್ರಯಾಣವನ್ನು ನೂರು ಪಟ್ಟು ವೇಗದಲ್ಲಿ ಓಡಿಸಿದರೆ ಎರಡು ನಿಮಿಷವೂ ಬೇಡ. ಹುಡುಗನಿಗೆ ನಾನು ಈ ಲೆಕ್ಕವನ್ನು ಫೋನಿನಲ್ಲೇ ಹೇಳಿದೆ. ಅವನು ಮೂರು ಮೀಟರ್ ಕಡಿಮೆ ಮಾಡಿ, ಕೈಕಟ್ಟಿ ಕುಳಿತು, ಎರಡನೆಯ ಸುತ್ತಿನ ಕೊನೆಗೆ ಪರದೆಯ ಮೇಲೆ ನಿಲ್ದಾಣದ ಸೌರಫಲಕಗಳು ದೊಡ್ಡದಾಗುತ್ತ ಬಂದದ್ದನ್ನು ಕಂಡು, "ಬ್ರೇಕ್ ಹಾಕಿದ್ರೆ ಮುಂದೆ ಹೋಗ್ತೈತೆ ಮಾವ!" ಎಂದು ಕೂಗಿದ. ಅವನ ಕೈಗಳಿಂದ ಹಳೆಯ ಅಭ್ಯಾಸ ಕಳಚಿದ್ದು ಆ ಕ್ಷಣದಲ್ಲಿ.

ಆರ್ಬಿಟರ್‌ನಲ್ಲಿ ಸಿಂಕ್ ಆರ್ಬಿಟ್ ಎಂಬ ಉಪಕರಣ ಈ ಲೆಕ್ಕವನ್ನೇ ಮಾಡಿಕೊಡುತ್ತದೆ: ಮುಂದಿನ ಸುತ್ತುಗಳಲ್ಲಿ ನೀವು ಒಂದು ನಿಗದಿತ ಬಿಂದುವನ್ನು ಯಾವಾಗ ತಲುಪುತ್ತೀರಿ, ನಿಲ್ದಾಣ ಯಾವಾಗ ತಲುಪುತ್ತದೆ ಎಂಬ ಎರಡು ಸಾಲುಗಳನ್ನು ಪಕ್ಕಪಕ್ಕದಲ್ಲಿ ತೋರಿಸುತ್ತದೆ. ಯಾವುದಾದರೊಂದು ಸುತ್ತಿನಲ್ಲಿ ಎರಡೂ ಸಮಯಗಳು ಹೊಂದುವವರೆಗೆ ಎಂಜಿನ್ ಉರಿಸುವುದು ನಿಮ್ಮ ಕೆಲಸ. ಆದರೂ ಒಂದು ಸಲ ಪೆನ್ನು ಕಾಗದ ಹಿಡಿದು ಲೆಕ್ಕ ಮಾಡಿ ನೋಡಿದವರಿಗೆ ಈ ಉಪಕರಣ ಹೇಳುವ ಮಾತು ಬೇರೆಯಾಗಿಯೇ ಕೇಳಿಸುತ್ತದೆ. ಶುಭಾಂಶು ಶುಕ್ಲಾ ಅವರಿದ್ದ ಡ್ರಾಗನ್ ನೌಕೆ 2025ರ ಜೂನ್ 25ರಂದು ಹಾರಿ, ಮರುದಿನ ನಿಲ್ದಾಣ ಸೇರಲು 28 ಗಂಟೆ ತೆಗೆದುಕೊಂಡಿತು. ಅಷ್ಟು ಹೊತ್ತು ಅದು ಮಾಡುತ್ತಿದ್ದದ್ದು ಕೆಳಗಿನ ಕಕ್ಷೆಯಿಂದ ಹಂತಹಂತವಾಗಿ ಏರುತ್ತ ಈ ಸಮಯ ಹೊಂದಿಸುವ ಕೆಲಸವನ್ನೇ.

ನಿಲ್ದಾಣದಿಂದ ಕೆಲವು ಕಿ.ಮೀ. ಒಳಗೆ ಬಂದ ಮೇಲೆ ಮಾತ್ರ ನಮ್ಮ ನೆಲದ ಬುದ್ಧಿ ಮತ್ತೆ ಕೆಲಸಕ್ಕೆ ಬರುತ್ತದೆ, ಏಕೆಂದರೆ ಅಷ್ಟು ಹತ್ತಿರದಲ್ಲಿ, ಅಷ್ಟು ಕಡಿಮೆ ಹೊತ್ತಿನಲ್ಲಿ ಕಕ್ಷೆಯ ವಕ್ರತೆಯ ಪರಿಣಾಮ ತೀರ ಸಣ್ಣದು. ಮೊದಲು ನಿಲ್ದಾಣಕ್ಕೆ ಹೋಲಿಸಿದ ನಿಮ್ಮ ವೇಗವನ್ನು ಸೊನ್ನೆಗೆ ತನ್ನಿ. ಆಮೇಲೆ ನಿಲ್ದಾಣಕ್ಕೆ ಕೂಡಿಕೊಳ್ಳಲು ನೆರವಾಗುವ ಡಾಕಿಂಗ್ ಉಪಕರಣವನ್ನು ತೆರೆಯಿರಿ. ಅದರಲ್ಲಿ ದೂರ, ಸಮೀಪಿಸುವ ವೇಗ, ಪಕ್ಕಕ್ಕೆ ಎಷ್ಟು ಸರಿದಿದ್ದೀರಿ ಎಂಬ ಗುರುತು, ಮೂತಿ ಎಷ್ಟು ಓರೆಯಾಗಿದೆ ಎಂಬ ಗುರುತು ಇವೆ. ಅಂಕಿಪಟ್ಟಿಯ 5ನ್ನು ಒತ್ತಿದರೆ ನೌಕೆಯ ತಿರುಗಾಟ ನಿಲ್ಲುತ್ತದೆ. ಭಾಗಾಕಾರದ ಚಿಹ್ನೆ ಒತ್ತಿದರೆ ಥ್ರಸ್ಟರ್‌ಗಳು ತಿರುಗಿಸುವ ಕೆಲಸದಿಂದ ಸರಿಸುವ ಕೆಲಸಕ್ಕೆ ಬದಲಾಗುತ್ತವೆ. ಈ ಎರಡನ್ನು ಬೆರಳುಗಳು ತಾವಾಗಿಯೇ ಹುಡುಕುವಂತಾದರೆ ಅರ್ಧ ಕೆಲಸ ಮುಗಿದಂತೆ. ಉಳಿದದ್ದು ತಾಳ್ಮೆ: ಮೊದಲು ಮೂತಿ ನೆಟ್ಟಗಿರಲಿ, ನಂತರ ಪಕ್ಕದ ಸರಿತ ಸೊನ್ನೆಯಾಗಲಿ, ಅದಾದ ಮೇಲಷ್ಟೇ ಮುಂದಕ್ಕೆ. ಕೊನೆಯ ಮೀಟರುಗಳಲ್ಲಿ ವೇಗ ಸೆಕೆಂಡಿಗೆ ಹತ್ತು ಸೆಂಟಿಮೀಟರ್ ಆಸುಪಾಸು ಇದ್ದರೆ ಸಾಕು, ತೆವಳುವ ಮಗುವಿಗಿಂತಲೂ ನಿಧಾನ. ಇಸ್ರೋದ ಸ್ಪೇಡೆಕ್ಸ್ ಯೋಜನೆಯ ಎರಡು ಉಪಗ್ರಹಗಳು, ತಲಾ 220 ಕೆ.ಜಿ. ತೂಕದವು, 2024ರ ಡಿಸೆಂಬರ್ 30ರಂದು ಹಾರಿ 2025ರ ಜನವರಿ 16ರಂದು ಒಂದನ್ನೊಂದು ಸೇರಿದವು. ಕೊನೆಯ ಹೆಜ್ಜೆಯಲ್ಲಿ 15 ಮೀಟರಿನಿಂದ 3 ಮೀಟರಿಗೆ ಬಂದು, ಅಲ್ಲಿ ತಡೆದು ನಿಂತು, ನಂತರ ಮುಂದುವರಿದವು. ಸಿಮ್ಯುಲೇಟರಿನಲ್ಲೂ ಹೀಗೆ ನಿಂತು ನಿಂತು ಹೋಗುವ ಅಭ್ಯಾಸ ಮಾಡಿಕೊಂಡರೆ ನಿಲ್ದಾಣಕ್ಕೆ ಡಿಕ್ಕಿ ಹೊಡೆಯುವ ಪ್ರಸಂಗ ಬರುವುದಿಲ್ಲ.

ಇಷ್ಟಾದ ಮೇಲೆ ನೆಲದಿಂದ ಹಾರಿ. ಈಗ ಉಡಾವಣೆ ಎಂಬುದು ಗುಟ್ಟೇ ಅಲ್ಲ. ದಟ್ಟ ಗಾಳಿಯನ್ನು ದಾಟುವವರೆಗೆ ಏರಬೇಕು, ಏರುತ್ತಲೇ ಮೂತಿಯನ್ನು ಪೂರ್ವ ದಿಗಂತದತ್ತ ಬಗ್ಗಿಸುತ್ತ ಹೋಗಬೇಕು. ಕಣ್ಣು ಎತ್ತರದ ಮೇಲಲ್ಲ, ಆರ್ಬಿಟ್ ಉಪಕರಣದ ಮೇಲಿರಲಿ. ನೀವು ನೆಲದಲ್ಲಿ ನಿಂತಾಗ ಆ ಹಸಿರು ಗೆರೆ ಬಹುಪಾಲು ಭೂಮಿಯ ಒಳಗೇ ಇರುತ್ತದೆ, ವೇಗ ಕೂಡಿದಂತೆ ಅದು ಉಬ್ಬುತ್ತ ಬಂದು, ಕೊನೆಗೊಮ್ಮೆ ಬೂದು ವೃತ್ತವನ್ನು ಪೂರ್ತಿಯಾಗಿ ಸುತ್ತುವರಿಯುತ್ತದೆ. ಪೆರಿಜಿ ವಾತಾವರಣದಿಂದ ಮೇಲೆ ಬಂದ ಆ ಕ್ಷಣವೇ ಕಕ್ಷೆ ಸಿಕ್ಕ ಕ್ಷಣ. ಪೂರ್ವಕ್ಕೇ ಏಕೆಂದರೆ ಭೂಮಿಯ ತಿರುಗುವಿಕೆ ಶ್ರೀಹರಿಕೋಟದ ಅಕ್ಷಾಂಶದಲ್ಲಿ ಸೆಕೆಂಡಿಗೆ ಸುಮಾರು 450 ಮೀಟರ್ ವೇಗವನ್ನು ಪುಕ್ಕಟೆಯಾಗಿ ಕೊಡುತ್ತದೆ. ನಿಲ್ದಾಣಕ್ಕೇ ಹೋಗಬೇಕಾದರೆ ಅದರ ಕಕ್ಷೆಯ ಸಮತಲ ನಿಮ್ಮ ಉಡಾವಣಾ ನೆಲೆಯ ಮೇಲೆ ಹಾಯುವವರೆಗೆ ಕಾದು ಹಾರಬೇಕು. ಓರೆ ಬದಲಿಸುವುದು ಎಷ್ಟು ದುಬಾರಿ ಎಂದು ಕಂಡವರಿಗೆ ಈ ಕಾಯುವಿಕೆ ಏಕೆಂದು ಹೇಳಬೇಕಾಗಿಲ್ಲ.

ಮರಳಿ ಇಳಿಯುವುದು ಕೊನೆಯ ಪಾಠ, ಮತ್ತು ಅದರ ದೊಡ್ಡ ಉದಾಹರಣೆ ನಮ್ಮ ಜಿಲ್ಲೆಯಲ್ಲೇ ಇದೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಬಳಿಯ ವೈಮಾನಿಕ ಪರೀಕ್ಷಾ ವಲಯದಲ್ಲಿ ಇಸ್ರೋ ತನ್ನ ರೆಕ್ಕೆಯುಳ್ಳ ಮರುಬಳಕೆಯ ವಾಹನವನ್ನು ಮೂರು ಸಲ ಇಳಿಸಿದೆ: 2023ರ ಏಪ್ರಿಲ್ 2, 2024ರ ಮಾರ್ಚ್ 22 ಮತ್ತು 2024ರ ಜೂನ್ 23. ಪುಷ್ಪಕ್ ಎಂದು ಕರೆಯಲಾದ ಈ ವಾಹನವನ್ನು ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಎತ್ತಿಕೊಂಡು ಹೋಗಿ 4.5 ಕಿ.ಮೀ. ಎತ್ತರದಲ್ಲಿ ಕೈಬಿಟ್ಟಿತು. ಎಂಜಿನ್ನಿನ ನೆರವಿಲ್ಲದೆ, ಪೈಲಟ್ ಇಲ್ಲದೆ, ಅದು ತಾನೇ ದಾರಿ ಹುಡುಕಿ ರನ್‌ವೇಗೆ ಇಳಿಯಿತು. ಮೂರನೆಯ ಸಲ ಅದನ್ನು ಬೇಕೆಂದೇ ರನ್‌ವೇಯ ನೇರದಿಂದ 500 ಮೀಟರ್ ಪಕ್ಕಕ್ಕೆ ಬಿಡಲಾಗಿತ್ತು. ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ 320 ಕಿ.ಮೀ. ಮೀರಿತ್ತು, ಪ್ರಯಾಣಿಕ ವಿಮಾನದ್ದು ಸುಮಾರು 260.

ಕಕ್ಷೆಯಿಂದ ಇಳಿಯುವ ನೌಕೆ ಮಾಡಬೇಕಾದದ್ದು ಇದನ್ನೇ, ಇನ್ನೂ ಬಹಳ ಮೇಲಿನಿಂದ. ಭೂಮಿಯ ಆಚೆ ಬದಿಯಲ್ಲಿ, ಇಳಿಯಬೇಕಾದ ಜಾಗಕ್ಕೆ ಅರ್ಧ ಸುತ್ತು ಮೊದಲು, ಸೆಕೆಂಡಿಗೆ ನೂರು ಮೀಟರಿನಷ್ಟು ವೇಗವನ್ನು ಕಳೆದುಕೊಂಡರೆ ಸಾಕು. ಕಕ್ಷೆಯ ಎದುರು ಬದಿ ವಾತಾವರಣದೊಳಗೆ ಮುಳುಗಿ, ಉಳಿದ ವೇಗವನ್ನೆಲ್ಲ ಗಾಳಿಯೇ ತಿನ್ನುತ್ತದೆ. ಇಲ್ಲಿಯೂ ಮೊದಲ ದಿನದ ಅದೇ ಮೂರೂವರೆ ಕಿ.ಮೀ. ಲೆಕ್ಕ. ಗುರಿ ದಾಟಿಹೋಗುವಂತಿದ್ದರೆ ಮೂತಿಯನ್ನು ಎತ್ತಿ ಗಾಳಿಗೆ ಹೊಟ್ಟೆ ಕೊಡುವುದು, ಗುರಿ ಮುಟ್ಟದಂತಿದ್ದರೆ ತಗ್ಗಿಸುವುದು, ಪಕ್ಕಕ್ಕೆ ವಾಲಿ ದಿಕ್ಕು ಸರಿಪಡಿಸುವುದು, ಇದನ್ನು ಪುಸ್ತಕದಿಂದ ಕಲಿಯಲಾಗದು. ಹುಡುಗನ ಮೊದಲ ಮೂರು ಇಳಿತಗಳು ಸಮುದ್ರದಲ್ಲಿ ಮುಗಿದವು.

ಅವನಿಗೆ ಈಗ ಕೊಟ್ಟಿರುವ ಅಭ್ಯಾಸವನ್ನೇ ಇಲ್ಲಿಯೂ ಹೇಳುತ್ತೇನೆ. ಪ್ರಯಾಣಿಕ ವಿಮಾನ ಮೂರು ಡಿಗ್ರಿ ಇಳಿಜಾರಿನಲ್ಲಿ ಬರುತ್ತದೆ. 4.5 ಕಿ.ಮೀ. ಇಳಿಯಲು ಅದಕ್ಕೆ ಸುಮಾರು 86 ಕಿ.ಮೀ. ಬೇಕು, ಚಳ್ಳಕೆರೆಯಲ್ಲಿ ಇಳಿಯಬೇಕಾದರೆ ಹೆಚ್ಚುಕಡಿಮೆ ದಾವಣಗೆರೆಯ ಮೇಲಿಂದಲೇ ಇಳಿಯತೊಡಗಬೇಕು. ಪುಷ್ಪಕ್‌ಗೆ ಮೂರನೆಯ ಸಲ ಸಿಕ್ಕಿದ್ದು ರನ್‌ವೇಯಿಂದ ನಾಲ್ಕೂವರೆ ಕಿ.ಮೀ. ದೂರ ಮಾತ್ರ. ಆರ್ಬಿಟರ್‌ನ ಸನ್ನಿವೇಶ ತಿದ್ದುವ ಸಾಧನದಿಂದ ಡೆಲ್ಟಾ ಗ್ಲೈಡರ್ ಅನ್ನು ಯಾವುದಾದರೂ ರನ್‌ವೇಗೆ ಅಷ್ಟೇ ದೂರದಲ್ಲಿ, ಅಷ್ಟೇ ಎತ್ತರದಲ್ಲಿ, 500 ಮೀಟರ್ ಪಕ್ಕಕ್ಕೆ ಇಟ್ಟು, ಎಂಜಿನ್ ಮುಟ್ಟದೆ ಇಳಿಸಲು ನೋಡಿ. ಡೆಲ್ಟಾ ಗ್ಲೈಡರ್‌ನ ರೆಕ್ಕೆಗಳು ಬೇರೆ, ತೂಕ ಬೇರೆ, ಹಾಗಾಗಿ ಅದು ಪುಷ್ಪಕ್‌ನಂತೆಯೇ ಇಳಿಯುವುದಿಲ್ಲ. ಆದರೆ ಮೂತಿಯನ್ನು ನೆಲದತ್ತ ಚೂಪಾಗಿ ಬಗ್ಗಿಸಿ, ರನ್‌ವೇ ಕಣ್ಣೆದುರು ಮೇಲೇರಿ ಬರುವುದನ್ನು ನೋಡುತ್ತ, ಸರಿಯಾದ ಹೊತ್ತಿಗೆ ಮೂತಿ ಎತ್ತುವ ಆ ಒಂದೇ ಅವಕಾಶ ಎರಡಕ್ಕೂ ಸಮಾನ. ಚಕ್ರಗಳನ್ನು ಇಳಿಸಲು ಜಿ ಕೀ ಒತ್ತಬೇಕು; ನಾಲ್ಕನೆಯ ಇಳಿತದಲ್ಲಿ ರನ್‌ವೇ ತಲುಪಿಯೂ ಹುಡುಗ ಮರೆತದ್ದು ಅದನ್ನೇ.